ಲೆಕ್ಕಕ್ಕೆ ಬಂದ ಕಂತ್ರಾಟು ಕೂಲಿ

ಗೋವೆಯ ವಾಸ್ಕೋ ಪಟ್ಟಣದ ಮಂಗೋರ್ ಹಿಲ್ ಹೆಸರು 2020ರ ಜೂನಿನಲ್ಲಿ ಕೋವಿಡ್ ನಿರ್ಬಂಧದಿಂದಾಗಿ ಪತ್ರಿಕೆಗಳಲ್ಲಿ ಕಾಣಿಸಿತ್ತು. ಹೊಟ್ಟೆಪಾಡಿಗಾಗಿ ಉತ್ತರ ಕರ್ನಾಟಕದಿಂದ ಹೋದ ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಗುಡ್ಡವದು. ಸಮೀಪದಲ್ಲೇ ಮರ್ಮಗೋವಾ ಬಂದರು, ಗೋವಾ ಶಿಪ್‌ಯಾರ್ಡ್. ಇಂಥ ಊರುಗಳಲ್ಲಿ ಹೊರಗಿನಿಂದ ಬಂದವನಿಗೆ ಹೆಚ್ಚಾಗಿ ಸಿಗುವುದು ಕಂತ್ರಾಟುದಾರನ ಕೈಕೆಳಗಿನ ಕೂಲಿ. ಅವನ ಮಗ ಐ.ಟಿ.ಐ. ಮುಗಿಸಿದರೆ ಅದೇ ಗೇಟಿನೊಳಗೆ ಹೇಗೆ ಹೋದಾನು? ಅನ್ಯಭಾಷೆಯ ರಾಜ್ಯದಲ್ಲಿರುವ ನಮಗೂ ಈ ಪ್ರಶ್ನೆ ದೂರದ್ದಲ್ಲ.

1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಮಾಲಿಕನಿಂದ ನೇರವಾಗಿ ಸಂಬಳ ಪಡೆಯುವವನು ಮಾತ್ರ ಕೆಲಸಗಾರನಾಗಿದ್ದ. ಕಂತ್ರಾಟುದಾರನ ಮೂಲಕ ದುಡಿಯುವವನನ್ನೂ 2014ರ ತಿದ್ದುಪಡಿ ಆ ಪದದೊಳಗೆ ಸೇರಿಸಿತು. ಇದರಲ್ಲೇನು ಮಹಾ ಎನ್ನಬೇಡಿ. 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಆ ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂದು 2019ರ ನಿಯಮ ವಿಧಿಸಿತು. 100 ಖಾಯಂ ನೌಕರರು, 300 ಕಂತ್ರಾಟು ಕೂಲಿಗಳು ಇರುವ ಒಂದು ಕಾರ್ಖಾನೆಯನ್ನು ಊಹಿಸೋಣ. ಖಾಯಂ ನೌಕರರನ್ನಷ್ಟೇ ಎಣಿಸಿದರೆ ಕನಿಷ್ಠ ಸ್ಥಾನಗಳು ಮೂರನ್ನು ದಾಟವು. ಎಲ್ಲರನ್ನೂ ಎಣಿಸಿದರೆ ಹತ್ತು. ಹೆಚ್ಚಿನ ಏಳು ಸ್ಥಾನಗಳು ಕೂಲಿಗಳ ತಲೆ ಎಣಿಕೆಯಿಂದ ಹುಟ್ಟಿದವು. ಅವು ಅವರ ಮಕ್ಕಳಿಗೇ ಮೀಸಲೆಂದು ಮಾತ್ರ ಕಾಯಿದೆ ಎಲ್ಲೂ ಹೇಳಿಲ್ಲ.

ಅದೇ ತಿದ್ದುಪಡಿ ಮಾಲಿಕರ ಮೇಲಿದ್ದ ಜೈಲುಶಿಕ್ಷೆಯ ಭಯವನ್ನು ತೆಗೆದುಹಾಕಿ ದಂಡವನ್ನಷ್ಟೇ ಉಳಿಸಿತು: ಭರ್ತಿಯಾಗದ ಪ್ರತಿ ಸ್ಥಾನಕ್ಕೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಅನಂತರ 1,000. ಆದರೆ ಐ.ಟಿ.ಐ. ಪಾಸಾದವನಿಗೆ 2019ರಲ್ಲಿ ಗೊತ್ತುಪಡಿಸಿದ ಕನಿಷ್ಠ ಶಿಷ್ಯವೇತನ ತಿಂಗಳಿಗೆ 7,000 ರೂಪಾಯಿ! ಹುಡುಗನನ್ನು ಸೇರಿಸಿಕೊಳ್ಳುವುದಕ್ಕಿಂತ ದಂಡ ತೆತ್ತು ಸುಮ್ಮನಿರುವುದೇ ಅಗ್ಗವಾಗುವಂತೆ ಬರೆದ ಕಾನೂನಿನಿಂದ ಎಷ್ಟು ಸ್ಥಾನಗಳು ತುಂಬಾವು? ಇದು ನಮಗೆ ಅತ್ಯಂತ ಆಕ್ಷೇಪಾರ್ಹವಾಗಿ ಕಾಣುತ್ತದೆ.

ಇನ್ನು ಸೇರಿದವನ ಸ್ಥಿತಿ. ಕಾಯಿದೆಯ 18ನೇ ಕಲಮಿನಂತೆ ಅವನು ತರಬೇತಿ ಪಡೆಯುವವನೇ ಹೊರತು ಕೆಲಸಗಾರನಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ವೇತನ ಸಂಹಿತೆಯೂ ಅವನನ್ನು ನೌಕರನ ವ್ಯಾಖ್ಯೆಯಿಂದ ಹೊರಗೇ ಇರಿಸಿದೆ. ಅಪ್ಪನನ್ನು ಕೆಲಸಗಾರನೆಂದು ಎಣಿಸಿ ಮಗನಿಗೆ ಸ್ಥಾನ ಸೃಷ್ಟಿಸಿದ ಕಾಯಿದೆಯೇ ಮಗನನ್ನು ಕೆಲಸಗಾರನಲ್ಲವೆನ್ನುವುದು ವಿಚಿತ್ರವೇ ಸರಿ. ತರಬೇತಿ ಮುಗಿದ ಮೇಲೆ ನೌಕರಿಯ ಭರವಸೆಯೂ ಇಲ್ಲ. ಈ ಬಗ್ಗೆ ಪ್ರತಿ ಮಾಲಿಕ ತನ್ನದೇ ನೀತಿಯನ್ನು ರೂಪಿಸಬೇಕೆಂದು 22ನೇ ಕಲಮು ಹೇಳುತ್ತದೆ, ಅಷ್ಟೆ.

ಹುಡುಗ ಅಪ್ರಾಪ್ತನಾದರೆ ಕರಾರಿಗೆ ಪೋಷಕರು ಸಹಿ ಹಾಕಬೇಕು. ಕಾಗದ ತಿಳಿಯದ ಭಾಷೆಯಲ್ಲಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿರಿ; ಆ ನೇಮಕಾತಿ ನೀತಿಯ ಪ್ರತಿಯೊಂದನ್ನು ಸಹಿಗೆ ಮೊದಲೇ ಕೇಳಿರಿ.