ಸ್ವವಿವರದಲ್ಲಿ ಹೊಗಳಿಕೆ ಬೇಡ, ಕೆಲಸ ಇರಲಿ

ಪದವಿ ಪರೀಕ್ಷೆಗಳು ಮುಗಿಯುತ್ತಿದ್ದಂತೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. 'ಅಣ್ಣಾ, ಒಂದು ರೆಸ್ಯೂಮೆ ಮಾಡಿಕೊಡಿ' ಎಂದು ವಿದ್ಯಾರ್ಥಿ ಕೇಳುತ್ತಾನೆ. ಅಂಗಡಿಯವರು ಹಿಂದೆ ಯಾರಿಗೋ ಮಾಡಿಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ತೆರೆದು, ಹೆಸರು, ವಿಳಾಸ, ಅಂಕಗಳನ್ನು ಬದಲಾಯಿಸಿ ಹತ್ತು ನಿಮಿಷದಲ್ಲಿ ಎರಡು ಹಾಳೆ ಕೈಗಿಡುತ್ತಾರೆ. ಉಳಿದದ್ದೆಲ್ಲ ಹಳೆಯದೇ: ಜೀವನದ ಗುರಿ, ಹವ್ಯಾಸಗಳು, 'ನಾನು ಶ್ರಮಜೀವಿ, ಪ್ರಾಮಾಣಿಕ, ಬೇಗ ಕಲಿಯುವವನು' ಎಂಬ ಸಾಲು. ಹಿಂದಿನವನ ತಂದೆಯ ಹೆಸರೂ ಹಾಗೆಯೇ ಉಳಿದುಬಿಡುವುದುಂಟು! ಈಚೆಗೆ ಅಂಗಡಿಯವರ ಜಾಗಕ್ಕೆ ಮೊಬೈಲಿನಲ್ಲಿ ಚಾಟ್‌ಜಿಪಿಟಿ ಬಂದಿದೆ. ಇಂಗ್ಲಿಷೇನೋ ಸೊಗಸಾಗಿರುತ್ತದೆ. ಆದರೆ ತರಗತಿಯ ಅರವತ್ತು ಮಂದಿಯ ಸ್ವವಿವರವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತದೆ.

ಇನ್ನು ಈ ಹಾಳೆಗಳನ್ನು ಓದುವವರ ಕಡೆಗೆ ನೋಡೋಣ. ಹತ್ತು ಹುದ್ದೆಗಳಿಗೆ ನೂರಾರು ಅರ್ಜಿಗಳು ಬಂದು ಬಿದ್ದಿರುತ್ತವೆ. ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ಮಾಹಿತಿ ಸಂಸ್ಥೆಯು ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನೇ ಉಪಕರಣಗಳಿಂದ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ವವಿವರವೊಂದರ ಮೇಲೆ ಅವರು ಹಾಯಿಸುವ ಮೊದಲ ನೋಟ ಸರಾಸರಿ 7.4 ಸೆಕೆಂಡಿನದು. ಅಷ್ಟರಲ್ಲಿ 'ಇದನ್ನು ಇನ್ನೊಮ್ಮೆ ಓದಬೇಕು' ಎಂದು ಅವರಿಗೆ ಅನ್ನಿಸಬೇಕು. 'ಶ್ರಮಜೀವಿ' ಎಂಬ ಪದ ಆ ಕೆಲಸ ಮಾಡಲಾರದು. ಅದು ಎಲ್ಲರ ಹಾಳೆಯಲ್ಲೂ ಇದೆ. ನಾನು ಸೋಮಾರಿ ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಜಾತಕವಲ್ಲ, ಸಾರಾಂಶ

ನಮ್ಮಲ್ಲಿ ಬಯೋಡೇಟಾ ಎಂಬ ಪದ ಮದುವೆಗೂ ಉಂಟು, ನೌಕರಿಗೂ ಉಂಟು. ಗೊಂದಲ ಶುರುವಾಗುವುದೇ ಇಲ್ಲಿ. ತಂದೆಯ ಹೆಸರು, ತಂದೆಯ ಉದ್ಯೋಗ, ಧರ್ಮ, ಜಾತಿ, ಎತ್ತರ, ವಿವಾಹವಾಗಿದೆಯೇ ಇಲ್ಲವೇ ಎಂಬುದೆಲ್ಲ ನೌಕರಿಯ ಹಾಳೆಯಲ್ಲೂ ಅರ್ಧ ಪುಟ ತುಂಬುತ್ತವೆ. ಉಳಿದ ಅರ್ಧ ಪುಟದಲ್ಲಿ ಅಂಕಗಳ ಪಟ್ಟಿ. ಅಭ್ಯರ್ಥಿ ಏನು ಮಾಡಬಲ್ಲ ಎಂಬುದಕ್ಕೆ ಜಾಗವೇ ಉಳಿಯುವುದಿಲ್ಲ.

ರೆಸ್ಯೂಮೆ ಎಂಬುದು ಫ್ರೆಂಚ್ ಮೂಲದ ಪದ. ಸಾರಾಂಶ ಎಂದು ಅದರ ಅರ್ಥ. ಯಾವುದರ ಸಾರಾಂಶ? ವಂಶದ್ದಲ್ಲ, ನೀವು ಇದುವರೆಗೆ ಮಾಡಿದ ಕೆಲಸದ್ದು. ಹೊಸದಾಗಿ ಪದವಿ ಪಡೆದವರಿಗೆ ಇದು ಒಂದು ಪುಟ ಸಾಕು.

ಅನುಭವವೇ ಇಲ್ಲ ಎನ್ನುವವರಿಗೆ

'ಕೆಲಸ ಸಿಕ್ಕಿದರೆ ತಾನೇ ಅನುಭವ? ನಾನು ಏನೆಂದು ಬರೆಯಲಿ?' ಎಂಬುದು ಎಲ್ಲ ವಿದ್ಯಾರ್ಥಿಗಳ ಪ್ರಶ್ನೆ. ಒಂದು ಉದಾಹರಣೆ ನೋಡೋಣ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಓಡಾಡಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಎರಡು ವರ್ಷ ಅವಳು ಪ್ರತಿದಿನ ಬೆಳಿಗ್ಗೆ ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಗೆ ನೆರವಾಗಿದ್ದಾಳೆ. ಹಾಲು ಹಾಕಲು ಬಂದ ಎಪ್ಪತ್ತು ಮನೆಯವರ ಲೀಟರು, ಫ್ಯಾಟು ಬರೆದುಕೊಂಡು, ಬಟವಾಡೆಯ ದಿನ ಲೆಕ್ಕ ತಾಳೆ ಹಾಕಿ ಕೊಟ್ಟಿದ್ದಾಳೆ. 'ನಮ್ಮ ಹಸುವಿನ ಹಾಲಿಗೆ ಫ್ಯಾಟು ಕಡಿಮೆ ಬರೆದಿದ್ದೀಯಲ್ಲಮ್ಮ' ಎಂದು ಜಗಳಕ್ಕೆ ಬಂದವರಿಗೆ ಪುಸ್ತಕ ತೋರಿಸಿ ಸಮಾಧಾನ ಹೇಳಿದ್ದಾಳೆ.

ಅವಳ ಸ್ವವಿವರದಲ್ಲಿ ಈ ಡೇರಿಯ ಸುಳಿವೇ ಇರುವುದಿಲ್ಲ. ಅಲ್ಲಿರುವುದು 'ಅನುಭವ: ಇಲ್ಲ' ಮತ್ತು 'ಉತ್ತಮ ಸಂವಹನ ಕೌಶಲ'. ಹಾಲಿನ ಡೇರಿ ಎಂದು ಬರೆದರೆ ಪೇಟೆಯವರು ನಕ್ಕಾರು ಎಂಬ ಸಂಕೋಚ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡಿದ ಹುಡುಗನಿಗೂ, ರಜೆಯಲ್ಲಿ ಮಾವನ ಜೊತೆ ಮನೆಗಳಿಗೆ ವೈರಿಂಗ್ ಮಾಡಿದ ಡಿಪ್ಲೊಮಾ ವಿದ್ಯಾರ್ಥಿಗೂ ಇದೇ ಸಂಕೋಚ. ಮನೆಗೆ ಮೊದಲ ಪದವೀಧರರಾದ ಮಕ್ಕಳೇ ಹೀಗೆ ತಮ್ಮ ಬಳಿ ಇರುವ ನಿಜವಾದ ಬಂಡವಾಳವನ್ನು ಮುಚ್ಚಿಟ್ಟು, ಬೇರೆಯವರ ಹಾಳೆಯಿಂದ ಪೊಳ್ಳು ಪದಗಳನ್ನು ಕಡ ತರುತ್ತಾರೆ. ನಷ್ಟ ಅವರಿಗೇ. ಆಡಿಟರ್ ಕಚೇರಿಯಲ್ಲಿ ಕೆಲಸಕ್ಕೆ ಕರೆಯುವವರಿಗೆ ಬೇಕಾಗಿರುವುದು ದಿನವೂ ಹೊತ್ತಿಗೆ ಸರಿಯಾಗಿ ಬಂದು, ತಪ್ಪಿಲ್ಲದೆ ಲೆಕ್ಕ ಬರೆದು, ಗಿರಾಕಿಯ ಜೊತೆ ತಾಳ್ಮೆಯಿಂದ ಮಾತನಾಡುವವರು. ಈ ಹುಡುಗಿ ಅದನ್ನು ಎರಡು ವರ್ಷ ಮಾಡಿದ್ದಾಳೆ. ಮಾಡಿದ್ದನ್ನು ಹೇಳಿಲ್ಲ, ಅಷ್ಟೇ.

ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ. ನಿಮ್ಮ ಸ್ವವಿವರದಲ್ಲಿ ಹೊಗಳಿಕೆಯ ಪದ ಎಲ್ಲಿ ಕಂಡರೂ ಅದನ್ನು ಹೊಡೆದುಹಾಕಿ, ಆ ಗುಣ ಕಂಡುಬಂದ ಒಂದು ಕೆಲಸವನ್ನು ಅಲ್ಲಿ ಬರೆಯಿರಿ. ಏನು ಮಾಡಿದೆ, ಎಷ್ಟು ಮಾಡಿದೆ, ಎಷ್ಟು ಕಾಲ ಮಾಡಿದೆ, ಅದರಿಂದ ಏನಾಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರವಿರಲಿ. 'ಪ್ರಾಮಾಣಿಕ, ಶ್ರಮಜೀವಿ' ಎಂಬುದರ ಬದಲು 'ಹಾಲು ಉತ್ಪಾದಕರ ಸಂಘದಲ್ಲಿ ಎರಡು ವರ್ಷ, ದಿನವೂ ಬೆಳಿಗ್ಗೆ ಎಪ್ಪತ್ತು ಸದಸ್ಯರ ಹಾಲಿನ ಲೆಕ್ಕ ಬರೆದು, ಬಟವಾಡೆ ಪಟ್ಟಿ ಸಿದ್ಧಪಡಿಸಿದ್ದೇನೆ' ಎಂದಾಗ ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ.

'ಟ್ಯಾಲಿ ಬಲ್ಲೆ' ಎನ್ನುವುದಕ್ಕಿಂತ 'ಟ್ಯಾಲಿಯಲ್ಲಿ ಒಂದು ಅಂಗಡಿಯ ಮೂರು ತಿಂಗಳ ಖರೀದಿ, ಮಾರಾಟ ನಮೂದಿಸಿದ್ದೇನೆ' ಎನ್ನುವುದು ಮೇಲು. ಎನ್ನೆಸ್ಸೆಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರ ಇರುತ್ತದೆ. ಆದರೆ ಹೆಚ್ಚಿನವರು 'ಎನ್ನೆಸ್ಸೆಸ್ ಸದಸ್ಯ' ಎಂದಷ್ಟೇ ಬರೆದು ಮುಗಿಸುತ್ತಾರೆ. ಶಿಬಿರದಲ್ಲಿ ನೂರು ಜನರ ಅಡುಗೆಗೆ ದಿನಸಿ ತಂದು ಲೆಕ್ಕ ಒಪ್ಪಿಸಿದವರು ನೀವೇ ಆಗಿದ್ದರೆ ಅದನ್ನು ಬರೆಯಿರಿ. ಎನ್‌ಸಿಸಿಯಲ್ಲಿದ್ದವರು 'ಬಿ' ಅಥವಾ 'ಸಿ' ಪ್ರಮಾಣಪತ್ರ ಪಡೆದಿದ್ದರೆ ಅದನ್ನು ಸ್ಪಷ್ಟವಾಗಿ ಕಾಣಿಸಬೇಕು.

ಕೆಲಸಕ್ಕೆ ತಕ್ಕ ಜೋಡಣೆ

ಇಟಲಿಯ ಲಿಯೊನಾರ್ಡೊ ಡ ವಿಂಚಿ ಚಿತ್ರಕಾರನೆಂದು ಲೋಕಪ್ರಸಿದ್ಧ. ಸುಮಾರು 1482ರಲ್ಲಿ ಅವನು ಮಿಲಾನಿನ ಆಳರಸ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಬೇಡಿ ಸಿದ್ಧಪಡಿಸಿದ ಪತ್ರದ ಕರಡು ಇಂದಿಗೂ ಉಳಿದಿದೆ. ಅದರಲ್ಲಿ ಅವನು ಚಿತ್ರಕಲೆಯಿಂದ ಆರಂಭಿಸಲಿಲ್ಲ. ಸುಲಭವಾಗಿ ಸಾಗಿಸಬಹುದಾದ ಸೇತುವೆ, ಮುತ್ತಿಗೆಯ ಉಪಾಯ, ಫಿರಂಗಿ ಎಂದು ಯುದ್ಧಕ್ಕೆ ಬೇಕಾದ ತನ್ನ ವಿದ್ಯೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ. ಚಿತ್ರಕಲೆಯ ಮಾತು ಬಂದದ್ದು ಕೊನೆಗೆ. ಆ ದೊರೆಗೆ ಆಗ ಬೇಕಾದದ್ದೇನೆಂದು ಅವನಿಗೆ ತಿಳಿದಿತ್ತು.

ಒಂದೇ ಹಾಳೆಯನ್ನು ಐವತ್ತು ಪ್ರತಿ ತೆಗೆಸಿ ಐವತ್ತು ಕಡೆಗೆ ಕಳುಹಿಸುವವರು ಇದನ್ನು ಗಮನಿಸಬೇಕು. ನಮ್ಮ ಬಿ.ಕಾಂ. ಹುಡುಗಿ ಆಡಿಟರ್ ಕಚೇರಿಗೆ ಬರೆಯುವಾಗ ಲೆಕ್ಕ ತಾಳೆ ಹಾಕಿದ್ದು ಮೊದಲು ಬರಬೇಕು. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಬರೆಯುವಾಗ ಜನರ ತಕರಾರು ಬಗೆಹರಿಸಿದ್ದು ಮೊದಲು ಬರಬೇಕು. ಎರಡೂ ನಿಜ, ಕ್ರಮ ಮಾತ್ರ ಬೇರೆ.

ಜಾಹೀರಾತನ್ನು ಎರಡು ಸಲ ಓದಿ, ಅವರು ಕೇಳಿರುವ ಅರ್ಹತೆಗಳಿಗೆ ಗೆರೆ ಎಳೆಯಿರಿ. ಅವುಗಳಲ್ಲಿ ನಿಮಗೆ ನಿಜವಾಗಿ ಗೊತ್ತಿರುವುದನ್ನು ಅವರದೇ ಪದಗಳಲ್ಲಿ ಬರೆಯಿರಿ. ಈಗ ದೊಡ್ಡ ಕಂಪೆನಿಗಳಲ್ಲಿ ಬಂದ ಅರ್ಜಿಗಳನ್ನು ಮೊದಲು ಸೋಸುವುದು ಕಂಪ್ಯೂಟರ್ ತಂತ್ರಾಂಶ. ಅದು ಹುಡುಕುವುದು ಆ ಪದಗಳನ್ನೇ. ಬಣ್ಣದ ಚೌಕಗಳು, ಚಿತ್ರಗಳು, ಪಕ್ಕಪಕ್ಕದ ಅಂಕಣಗಳು ಇದ್ದರೆ ತಂತ್ರಾಂಶ ಎಡವುವುದುಂಟು. ಬಿಳಿಯ ಹಾಳೆ, ಕಪ್ಪು ಅಕ್ಷರ, ಸರಳ ತಲೆಬರಹ ಇದ್ದರೆ ಸಾಕು.

ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಕೊನೆಗೆ ತಳ್ಳಬೇಡಿ. ಊರೂರಿನ ಗಿರಾಕಿಗಳೊಡನೆ ವ್ಯವಹರಿಸುವ ಸಂಸ್ಥೆಗಳಿಗೆ ಕನ್ನಡ ಓದಿ ಬರೆಯಬಲ್ಲವರು ಬೇಕು. ತುಳು, ಕೊಂಕಣಿ, ಉರ್ದು, ತೆಲುಗು, ಮರಾಠಿ ಬಂದರೆ ಅದನ್ನೂ ಸೇರಿಸಿ. ಯಾವುದನ್ನು ಓದಬಲ್ಲಿರಿ, ಯಾವುದನ್ನು ಮಾತನಾಡಬಲ್ಲಿರಿ ಎಂಬುದು ಸ್ಪಷ್ಟವಾಗಿರಲಿ.

ಬೇಡವಾದ ವಿವರಗಳು

ಖಾಸಗಿ ಕೆಲಸದ ಸ್ವವಿವರದಲ್ಲಿ ಜಾತಿ, ಧರ್ಮ, ತಂದೆಯ ಉದ್ಯೋಗ, ವೈವಾಹಿಕ ಸ್ಥಿತಿ ಬೇಕಿಲ್ಲ. ಇದು ಬರಿಯ ಜಾಗ ಉಳಿಸುವ ಮಾತಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬ ವಿದ್ವಾಂಸರು ನಮ್ಮ ದೇಶದ ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗದ ಜಾಹೀರಾತುಗಳಿಗೆ ಸರಿಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಿ ನೋಡಿದರು. ಮೇಲ್ಜಾತಿಯ ಹೆಸರಿನ ಅರ್ಜಿಗಳಿಗೆ ಹೋಲಿಸಿದರೆ ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಎಂದು 2007ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಹೆಸರನ್ನು ಮುಚ್ಚಿಡಲಾಗದು, ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಕೆಲಸಕ್ಕೆ ಸಂಬಂಧವಿಲ್ಲದ್ದನ್ನು ನಾವಾಗಿಯೇ ಮುಂದಿಡುವುದೇಕೆ?

ಸರ್ಕಾರಿ ನೌಕರಿಯ ಮಾತು ಬೇರೆ. ಅಲ್ಲಿ ನಿಗದಿತ ಅರ್ಜಿ ನಮೂನೆಯೇ ಇರುತ್ತದೆ. ಮೀಸಲಾತಿ ಕೋರುವವರು ಅದರಲ್ಲಿ ತಮ್ಮ ವರ್ಗವನ್ನು ನಮೂದಿಸಲೇಬೇಕು. ಇನ್ನು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ಸ್ವವಿವರದಲ್ಲಿ ಎಂದೂ ಬರೆಯಬೇಡಿ. ಆ ಹಾಳೆ ಯಾರ ಯಾರ ಕೈ ಸೇರುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ.

ಸುಳ್ಳು ನಿಲ್ಲುವುದಿಲ್ಲ

ಡೇರಿಯಲ್ಲಿ ಲೆಕ್ಕ ಬರೆದವಳು ತನ್ನನ್ನು 'ಹಣಕಾಸು ವ್ಯವಸ್ಥಾಪಕಿ' ಎಂದು ಕರೆದುಕೊಂಡರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾಳೆ. ಮಾಡಿದ್ದನ್ನು ಹೇಳುವುದು ಬೇರೆ, ಊದಿಸುವುದು ಬೇರೆ. ಪ್ರತಿ ಸಾಲಿನ ಮೇಲೂ ಐದು ನಿಮಿಷ ಮಾತನಾಡಬಲ್ಲೆನೇ ಎಂದು ಕೇಳಿಕೊಳ್ಳಿ. ಆಗದಿದ್ದರೆ ಆ ಸಾಲು ತೆಗೆಯಿರಿ.

ಹಣ ಕೊಟ್ಟರೆ ಎರಡು ವರ್ಷದ ಅನುಭವ ಪತ್ರ ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳಿದ್ದಾರೆ. ಅವರ ಹತ್ತಿರವೂ ಸುಳಿಯಬೇಡಿ. 2014ರಲ್ಲಿ ಬಂದ ಭವಿಷ್ಯನಿಧಿಯ ಯುಎಎನ್ ಸಂಖ್ಯೆಯ ಕೆಳಗೆ ಒಬ್ಬ ನೌಕರನ ಪಿಎಫ್ ಎಲ್ಲೆಲ್ಲಿ, ಯಾವಾಗಿನಿಂದ ಕಟ್ಟಲಾಗಿದೆ ಎಂಬುದು ಕಾಣುತ್ತದೆ. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಅಂಕಪಟ್ಟಿಗಳೂ ಸಿಗುತ್ತವೆ. ಕಾಗದ ನಕಲಿ ಎಂದು ಗೊತ್ತಾದರೆ, ಕೆಲಸಕ್ಕೆ ಸೇರಿ ವರ್ಷ ಕಳೆದ ಮೇಲೂ ಮನೆಗೆ ಕಳುಹಿಸುತ್ತಾರೆ. ಒಂದು ವಿಷಯದಲ್ಲಿ ಅನುತ್ತೀರ್ಣರಾಗಿ ಮತ್ತೆ ಬರೆದು ಪಾಸಾಗಿದ್ದರೆ, ಪಾಸಾದ ವರ್ಷವನ್ನೇ ಬರೆಯಿರಿ. ಅಮ್ಮನ ಕಾಯಿಲೆಯ ಕಾರಣ ಒಂದು ವರ್ಷ ಓದು ನಿಂತಿದ್ದರೆ, ಕೇಳಿದಾಗ ಒಂದೇ ವಾಕ್ಯದಲ್ಲಿ ಹಾಗೆಂದು ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೆಲವು ಸಣ್ಣ ಸಂಗತಿಗಳು

ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಅಲ್ಲಿ ಇನಿಷಿಯಲ್, ಇಲ್ಲಿ ಪೂರ್ಣ ಹೆಸರು, ಆಧಾರ್‌ನಲ್ಲಿ ಮೂರನೆಯ ರೂಪ ಎಂದಾದರೆ ದಾಖಲೆ ಪರಿಶೀಲನೆಯಲ್ಲಿ ತೊಡಕು. ಸದಾ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಕೊಡಿ. ಗೆಳೆಯರು ತಮಾಷೆಗೆ ಇಟ್ಟ ಅಡ್ಡಹೆಸರಿನ ಇಮೇಲ್ ಬೇಡ. ಸ್ವಂತ ಹೆಸರಿನದು ಮಾಡಿಕೊಳ್ಳಿ. ಪಿಡಿಎಫ್ ರೂಪದಲ್ಲಿ ಕಳುಹಿಸಿ. ಅದಕ್ಕೂ ನಿಮ್ಮ ಹೆಸರನ್ನೇ ಇಡಿ. ಬರೀ 'ರೆಸ್ಯೂಮೆ' ಎಂದಿದ್ದರೆ ನೂರಾರರಲ್ಲಿ ಕಳೆದುಹೋಗುತ್ತದೆ. ಸಿಜಿಪಿಎ ಬರೆಯುವವರು ಎಷ್ಟಕ್ಕೆ ಎಷ್ಟು ಎಂಬುದನ್ನೂ ಬರೆಯಬೇಕು. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ ವಾಕ್ಯಗಳಿರಲಿ. ಮುಗಿದ ಮೇಲೆ ಕಾಗುಣಿತ ಬಲ್ಲ ಇನ್ನೊಬ್ಬರಿಂದ ಓದಿಸಿ.

ತಂದೆ ತಾಯಿಯರಿಗೆ ಒಂದು ಮಾತು

ಮಕ್ಕಳ ಸ್ವವಿವರದಲ್ಲಿ ನಮ್ಮ ಪಾತ್ರವೇನು, ನಮಗೆ ಇಂಗ್ಲಿಷ್ ಬಾರದಲ್ಲ ಎಂದುಕೊಳ್ಳಬೇಡಿ. ಮಗ ಅಥವಾ ಮಗಳು ಏನೇನು ಮಾಡಿದ್ದಾರೆ ಎಂಬುದು ಅವರಿಗಿಂತ ಚೆನ್ನಾಗಿ ನಿಮಗೆ ನೆನಪಿರುತ್ತದೆ. ಯುಗಾದಿ ಸಮಯದಲ್ಲಿ ಅಂಗಡಿಯ ಸ್ಟಾಕು ನೋಡಿಕೊಂಡದ್ದು, ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟದ್ದು, ಗಣೇಶೋತ್ಸವದ ಚಂದಾ ಲೆಕ್ಕ ಬರೆದದ್ದು, ಅಜ್ಜಿಯ ಪಿಂಚಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದು ಕೆಲಸ ಮಾಡಿಸಿಕೊಂಡು ಬಂದದ್ದು. 'ಅದೇನು ದೊಡ್ಡ ಕೆಲಸ' ಎಂದು ಮಕ್ಕಳು ತಳ್ಳಿಹಾಕಿದರೆ, ಅದರಲ್ಲಿ ಏನೇನು ಕಷ್ಟವಿತ್ತು ಎಂದು ನೀವೇ ನೆನಪಿಸಿ. ನಿಮ್ಮ ಕಸುಬಿನ ಬಗ್ಗೆ ಅವರಿಗೆ ಸಂಕೋಚ ಇರುವುದು ಕಂಡರೆ ಬೇಸರಪಡದೆ, ಆ ಕಸುಬಿನಿಂದ ಅವರು ಕಲಿತದ್ದೇನೆಂದು ಕೇಳಿ.

ಇವತ್ತು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು, ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಈ ಪಟ್ಟಿ ಮಾಡಿ. ಇಪ್ಪತ್ತು ಸಾಲು ಬರಲಿ. ಅವುಗಳಲ್ಲಿ ಕೇಳಿರುವ ಕೆಲಸಕ್ಕೆ ಹೊಂದುವ ಐದಾರನ್ನು ಆರಿಸಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಉಳಿದ ಸಾಲುಗಳನ್ನು ಎಸೆಯಬೇಡಿ, ಜೋಪಾನವಾಗಿಡಿ. ಮುಂದಿನ ಅರ್ಜಿಗೆ ಬೇಕಾಗುತ್ತವೆ.