ಮನೆವಾರ್ತೆ: ಬೆರಳೊತ್ತುವ ದಿನ

ಮಲೆನಾಡಿನ ಸೋದರಿಯೊಬ್ಬರಿಂದ ಈ ತಿಂಗಳು ನಮಗೊಂದು ಕಾಗದ ಬಂದಿದೆ. ಅವರ ಮಗಳು ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಸಂಸಾರ ಹೂಡಿದ್ದಾಳೆ. ಈಗ ನಾಲ್ಕು ತಿಂಗಳ ಗರ್ಭಿಣಿ. ಬಾಣಂತನಕ್ಕೆ ತಾಯಿ ಹೋಗದೆ ಮತ್ತಾರು ಹೋಗಬೇಕು? ಅರ್ಜಿಯ ಕಾಗದಪತ್ರಗಳನ್ನೆಲ್ಲ ಅಳಿಯಂದಿರೇ ಅಲ್ಲಿಂದ ಸಿದ್ಧಪಡಿಸುತ್ತಿದ್ದಾರಂತೆ. “ಆದರೆ ಬಯೋಮೆಟ್ರಿಕ್ಸ್ ಎಂಬುದಕ್ಕೆ ನಾನೇ ಬೆಂಗಳೂರಿಗೆ ಹೋಗಿ ಬೆರಳೊತ್ತಬೇಕಂತೆ. ಯಾವಾಗ ಹೋಗಬೇಕು, ಏನನ್ನು ಒಯ್ಯಬೇಕು, ದಯವಿಟ್ಟು ತಿಳಿಸಿರಿ” ಎಂದು ಕೇಳಿದ್ದಾರೆ. ಇಂಥ ತಾಯಂದಿರು ಇಂದು ನಮ್ಮ ನಾಡಿನ ಊರೂರಿನಲ್ಲಿಯೂ ಇರುವುದರಿಂದ ಉತ್ತರವನ್ನು ಅವರೊಬ್ಬರಿಗೇ ಬರೆಯದೆ ಇಲ್ಲಿ ಎಲ್ಲರಿಗೂ ಬರೆಯುತ್ತೇವೆ.

ಮೊದಲು ಒಂದು ಸಂಕೋಚವನ್ನು ಕಳೆಯುವೆವು. ಕಾಗದದ ಕೊನೆಯಲ್ಲಿ ಅವರು, “ನಾನು ಓದು ಬಲ್ಲವಳು, ಚೆನ್ನಾಗಿ ರುಜು ಹಾಕುತ್ತೇನೆ, ಹೆಬ್ಬೆಟ್ಟು ಒತ್ತಬೇಕೆ?” ಎಂದು ಸ್ವಲ್ಪ ನೊಂದುಕೊಂಡೇ ಬರೆದಿದ್ದಾರೆ. ನಮ್ಮ ಮಾತಿನಲ್ಲಿ ಹೆಬ್ಬೆಟ್ಟೆಂದರೆ ಅಕ್ಷರ ಬಾರದವರೆಂಬ ಹೀನಾಯವು ಅಂಟಿಕೊಂಡುಬಿಟ್ಟಿದೆ. ಆದರೆ ಇದರ ಪೂರ್ವಕಥೆಯೇ ಬೇರೆ. ೧೮೫೮ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಯ ಗುರುತನ್ನು ಕರಾರುಪತ್ರದ ಹಿಂಬದಿಗೆ ಒತ್ತಿಸಿಕೊಂಡನು. ರುಜು ತನ್ನದಲ್ಲವೆಂದು ಆತನು ಮುಂದೆ ಹೇಳದಿರಲೆಂಬುದೇ ಉದ್ದೇಶವಾಗಿದ್ದಿತು. ರುಜುವಿಗಿಂತ ಕೈಯೇ ಹೆಚ್ಚಿನ ಸಾಕ್ಷಿಯೆಂದು ಅಂದೇ ತಿಳಿದಂತಾಯಿತು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಗುರುತುಗಳ ಕಚೇರಿಯೇ ಸ್ಥಾಪಿತವಾಯಿತು. ಗುರುತುಗಳನ್ನು ವಿಂಗಡಿಸುವ ಕ್ರಮವನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮ ದೇಶದವರಿಬ್ಬರು ಬಹಳವಾಗಿ ಶ್ರಮಿಸಿದರು. ೧೯೦೧ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡು ಇಂಥ ಕಚೇರಿಯನ್ನು ತೆರೆದುದು ಅದಾದ ಮೇಲೆಯೇ. ಆದುದರಿಂದ ಬೆರಳೊತ್ತುವುದರಲ್ಲಿ ಅವಮಾನವೇನೂ ಇಲ್ಲ. ಆ ಗಾಜಿನ ಫಲಕದ ಮುಂದೆ ಪಂಡಿತರೂ ಪಾಮರರೂ ಒಂದೇ.

ಇನ್ನು ವಿಷಯಕ್ಕೆ ಬರೋಣ. ೨೦೧೮ರ ಡಿಸೆಂಬರ್ ೩೧ರಿಂದ ಭಾರತದವರು ಕೆನಡಾದ ಸಂದರ್ಶಕ ವೀಸಾ ಕೇಳುವಾಗ ಹತ್ತು ಬೆರಳುಗಳ ಗುರುತನ್ನೂ ಮುಖದ ಛಾಯಾಚಿತ್ರವನ್ನೂ ಕೊಡಬೇಕೆಂಬ ನಿಯಮವಿದೆ. ಒಬ್ಬರಿಗೆ ೮೫ ಕೆನಡಾ ಡಾಲರು ಶುಲ್ಕ. ಇದನ್ನು ಅರ್ಜಿಯೊಡನೆಯೇ ಕಟ್ಟುವುದು ವಾಡಿಕೆ. ಕಟ್ಟಿದ ಬಳಿಕ ಅರ್ಜಿದಾರರ ಖಾತೆಗೆ ಒಂದು ಸೂಚನಾಪತ್ರವು ಬರುವುದು. ಆ ಪತ್ರ ಬಂದ ಮೇಲೆಯೇ ವೀಸಾ ಅರ್ಜಿ ಕೇಂದ್ರದಲ್ಲಿ ದಿನವನ್ನೂ ವೇಳೆಯನ್ನೂ ಗೊತ್ತುಮಾಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಇಂಥ ಕೇಂದ್ರವಿದೆ. ಪತ್ರ ಬಂದುದು ಮೊದಲ್ಗೊಂಡು ಮೂವತ್ತು ದಿನಗಳೊಳಗೆ ಬೆರಳೊತ್ತಿ ಮುಗಿಸತಕ್ಕದ್ದು.

ಇಲ್ಲಿ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲಿಸಿಕೊಳ್ಳಬೇಕು. ಅರ್ಜಿಯನ್ನು ಅಳಿಯ ತುಂಬಬಹುದು, ಹಣವನ್ನು ಮಗ ಕಟ್ಟಬಹುದು, ಬ್ಯಾಂಕಿನ ಕಾಗದವನ್ನು ಮೈದುನ ತಂದುಕೊಡಬಹುದು. ಈ ಒಂದು ಕೆಲಸವನ್ನು ಮಾತ್ರ ಹೋಗತಕ್ಕವರೇ ತಮ್ಮ ಮೈಯಿಂದ ಮಾಡಬೇಕು. ಬೆರಳಗುರುತು ಸೇರುವವರೆಗೆ ಅರ್ಜಿಯ ಪರಿಶೀಲನೆ ಆರಂಭವಾಗುವುದೂ ಇಲ್ಲ. ಆದುದರಿಂದ ಇದನ್ನು ಕಡೆಯ ಕೆಲಸವೆಂದು ಬಗೆಯದೆ ಎಲ್ಲಕ್ಕೂ ಮುಂಚೆ ಯೋಚಿಸಬೇಕಾದ ಕೆಲಸವೆಂದು ತಿಳಿಯಬೇಕು.

ಇದನ್ನು ನಾವು ಕಲಿತುದು ನಮ್ಮ ಮನೆಯಲ್ಲಿಯೇ ಪೆಟ್ಟು ತಿಂದು. ನಮ್ಮ ಅಕ್ಕನವರು ಸಾಗರದ ಸೀಮೆಯ ತೋಟದ ಮನೆಯವರು. ಮಗಳ ಚೊಚ್ಚಲ ಬಾಣಂತನಕ್ಕೆಂದು ಅವರು ಅರ್ಜಿ ಹಾಕಿದಾಗ ಅಡಿಕೆ ಕೊಯ್ಲಿನ ಕಾಲ. ಸೂಚನಾಪತ್ರವು ಅಳಿಯನ ಖಾತೆಗೆ ಬಂದು, ಅವನು ಕಳುಹಿಸಿ, ಭಾವನವರು ನೋಡುವ ಹೊತ್ತಿಗೆ ವಾರವೊಂದು ಕಳೆದಿತ್ತು. “ಮೂವತ್ತು ದಿನ ಗಡುವಿದೆಯಷ್ಟೆ, ಕೊನೆಯ ಗೊನೆ ಇಳಿಯಲಿ” ಎಂದರು ಭಾವನವರು. ಅಕ್ಕನವರೂ ಆಳುಗಳೊಡನೆ ಕುಳಿತು ರಾತ್ರಿಯೆಲ್ಲ ಅಡಿಕೆ ಸುಲಿದರು. ಇಪ್ಪತ್ತೊಂದನೆಯ ದಿನ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿಳಿದಾಗ ಅವರ ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಮೆಟ್ಟುಗತ್ತಿ ತಗುಲಿ ಆಳವಾಗಿಯೇ ಕೊಯ್ದಿತ್ತು. ಕೇಂದ್ರದವರು ಮರ್ಯಾದೆಯಿಂದಲೇ ಮಾತನಾಡಿಸಿ, ಗಾಯ ಮಾಯ್ದ ಮೇಲೆ ಬರಬೇಕೆಂದು ಹಿಂದಿರುಗಿಸಿದರು.

ಅಕ್ಕನವರು ನಮ್ಮ ಮನೆಯಲ್ಲಿಯೇ ಉಳಿದುಕೊಂಡರು. ಇಪ್ಪತ್ತೊಂಬತ್ತನೆಯ ದಿನ ಮತ್ತೆ ಹೋದುದಾಯಿತು. ಗಾಯವೇನೋ ಮಾಯ್ದಿತ್ತು, ಆದರೆ ಬೆರಳ ರೇಖೆಗಳು ಯಂತ್ರಕ್ಕೆ ಸುಲಭವಾಗಿ ಕಾಣಲಿಲ್ಲ. ನಲವತ್ತು ವರ್ಷ ಬೂದಿಯಿಂದ ಪಾತ್ರೆ ಬೆಳಗಿ, ಅಡಿಕೆಯ ಚೊಗರಿನಲ್ಲಿ ಅದ್ದಿದ ಕೈ ಅದು. ಅಲ್ಲಿದ್ದ ಹುಡುಗಿಯು ತಾಳ್ಮೆಯಿಂದ ಒರಸಿ, ಮತ್ತೆ ಒತ್ತಿಸಿ, ನಾಲ್ಕನೆಯ ಸಲಕ್ಕೆ ಗುರುತನ್ನು ತೆಗೆದುಕೊಂಡಳು. “ಕೆಲಸ ಮಾಡಿದ್ದು ತಪ್ಪಾಯಿತೇನೋ” ಎಂದು ಅಕ್ಕನವರು ಹೊರಗೆ ಬಂದು ನಕ್ಕರು. ವೀಸಾ ಬಂದಿತು, ಆದರೆ ಮೊಮ್ಮಗು ಅದಕ್ಕಿಂತ ಮುಂಚೆಯೇ ಬಂದಿತ್ತು. ಹೆಸರಿಡುವ ದಿನ ತೊಟ್ಟಿಲ ಹಾಡನ್ನು ಅವರು ಹಾಡಿದುದು ಸಾಗರದ ಮನೆಯ ಜಗಲಿಯಲ್ಲಿ, ದೂರವಾಣಿಯ ಮುಂದೆ. ಪರಿಶೀಲನೆಗೆ ಎಷ್ಟು ದಿನ ಹಿಡಿಯುವುದೆಂಬುದು ನಮ್ಮ ಕೈಯಲ್ಲಿಲ್ಲ. ಅದು ಆರಂಭವಾಗುವ ಮುಂಚೆಯೇ ನಾವು ಕಳೆದ ಇಪ್ಪತ್ತೊಂಬತ್ತು ದಿನಗಳು ನಮ್ಮ ಕೈಯಲ್ಲಿದ್ದುವು.

ಆದುದರಿಂದ ನಮ್ಮ ಸೋದರಿಗೆ ನಾವು ಹೇಳುವ ಮೊದಲನೆಯ ಮಾತು: ಹೆರಿಗೆಗೆ ವೈದ್ಯರು ಹೇಳಿದ ದಿನದಿಂದ ಹಿಂದಕ್ಕೆ ಎಣಿಸಿರಿ. ಅದಕ್ಕೆ ಹದಿನೈದು ದಿನ ಮುಂಚೆ ಅಲ್ಲಿರಬೇಕು. ಅದರ ಹಿಂದೆ ಪರಿಶೀಲನೆಗೆ ಹಿಡಿಯುವ ಕಾಲ. ಇದು ಆಗಾಗ್ಗೆ ಬದಲಾಗುವುದರಿಂದ ಕೆನಡಾ ಸರಕಾರದ ಜಾಲತಾಣದಲ್ಲಿಯೇ ಅಳಿಯಂದಿರು ನೋಡಿ ಹೇಳಲಿ. ಅದರ ಹಿಂದೆ ಬೆರಳೊತ್ತುವುದಕ್ಕೆ ಒಂದು ತಿಂಗಳನ್ನು ಬಿಡಿರಿ. ಹೀಗೆ ಎಣಿಸಿದರೆ ನಾಲ್ಕನೆಯ ತಿಂಗಳಿನಲ್ಲಿ ಅರ್ಜಿ ಹಾಕುವುದು ಅವಸರವೇನೂ ಅಲ್ಲವೆಂಬುದು ನಿಮಗೇ ತಿಳಿಯುವುದು.

ಎರಡನೆಯದು, ಸೂಚನಾಪತ್ರ. ಅದು ಅಂಚೆಯವನ ಕೈಯಲ್ಲಿ ಬರುವುದಿಲ್ಲ. ಅರ್ಜಿ ಹಾಕಿದವರ ಖಾತೆಯಲ್ಲಿ ಸದ್ದಿಲ್ಲದೆ ಬಂದು ಕುಳಿತಿರುವುದು. ಅರ್ಜಿ ಹೋದ ದಿನದಿಂದ ಪ್ರತಿದಿನವೂ ಖಾತೆಯನ್ನು ನೋಡುವಂತೆ ಅಳಿಯಂದಿರಿಗೆ ಹೇಳಿರಿ. ಪತ್ರ ಬಂದೊಡನೆ ಅಚ್ಚುಮಾಡಿಸಿ ಇಟ್ಟುಕೊಂಡು, ಅಂದೇ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟು ಗೊತ್ತುಮಾಡಿಸಿರಿ. ಗಡುವಿನ ಮೊದಲ ಹತ್ತು ದಿನಗಳೊಳಗಿನ ದಿನವನ್ನೇ ಆರಿಸುವುದು ಲೇಸು. ನೆಗಡಿ, ಜ್ವರ, ಗಾಯ, ಬಂದ್, ಮಳೆ ಇವುಗಳಲ್ಲಿ ಯಾವುದಾದರೂ ಅಡ್ಡಬಂದರೆ ಮತ್ತೊಂದು ದಿನಕ್ಕೆ ಅವಕಾಶ ಉಳಿದಿರುವುದು. ದಂಪತಿಗಳಿಬ್ಬರೂ ಹೋಗುವವರಾದರೆ ಇಬ್ಬರಿಗೂ ಬೇರೆ ಬೇರೆ ಪತ್ರವಿರುವುದನ್ನು ನೋಡಿಕೊಂಡು ಒಂದೇ ದಿನಕ್ಕೆ ವೇಳೆ ಕೇಳಿರಿ. ದಿನ ಗೊತ್ತುಮಾಡಿಕೊಡುತ್ತೇವೆಂದು ಹಣ ಕೇಳುವ ಮಧ್ಯಸ್ಥರ ಮಾತಿಗೆ ಕಿವಿಗೊಡಬೇಡಿರಿ. ಬೆರಳಗುರುತನ್ನು ತೆಗೆದುಕೊಳ್ಳುವ ವೆಚ್ಚವು ೮೫ ಡಾಲರಿನಲ್ಲಿಯೇ ಸೇರಿದೆ.

ಮೂರನೆಯದು, ಕೈ. ಇದನ್ನು ಯಾರೂ ಹೇಳುವುದಿಲ್ಲವಾದುದರಿಂದ ನಾವು ಬಿಡಿಸಿ ಹೇಳುವೆವು. ಬೆರಳಿಗೆ ಗಾಯವಾಗಲಿ ಮದರಂಗಿಯಾಗಲಿ ಇರಬಾರದು. ಮನೆಯಲ್ಲಿ ಮದುವೆ, ಸೀಮಂತಗಳಿದ್ದರೆ ಆ ದಿನಗಳಿಗೆ ಮುಂಚೆಯೇ ಬೆರಳೊತ್ತಿ ಬರುವುದು ಒಳ್ಳೆಯದು. ಹದಿನೈದು ದಿನ ಮೊದಲಿನಿಂದ ಈಳಿಗೆ ಮಣೆಯನ್ನೂ ಮೆಟ್ಟುಗತ್ತಿಯನ್ನೂ ಇತರರಿಗೆ ಒಪ್ಪಿಸಿರಿ; ಪಾತ್ರೆ ತಿಕ್ಕುವ ಕೆಲಸವನ್ನು ಗಂಡಸರು ಅಷ್ಟು ದಿನ ಮಾಡಿದರೆ ಮನೆತನಕ್ಕೇನೂ ಕುಂದಿಲ್ಲ. ಒಣಗಿ ಬಿರಿದ ಬೆರಳಿನ ಗುರುತು ಸರಿಯಾಗಿ ಮೂಡುವುದಿಲ್ಲ. ರಾತ್ರಿ ಮಲಗುವಾಗ ಸ್ವಲ್ಪ ಕೊಬ್ಬರಿಯೆಣ್ಣೆ ಸವರಿಕೊಳ್ಳುತ್ತಿದ್ದರೆ ಚರ್ಮ ಮೃದುವಾಗುವುದು. ಆದರೆ ಹೋಗುವ ದಿನ ಜಿಡ್ಡಿಲ್ಲದಂತೆ ತೊಳೆದು ಒರಸಿಕೊಂಡು ಹೋಗಬೇಕು. ಹುಟ್ಟಿನಿಂದಲೋ ಅಪಘಾತದಿಂದಲೋ ಬೆರಳಿಲ್ಲದವರು ಅಂಜಬೇಕಾದುದಿಲ್ಲ. ಅದನ್ನು ಅಲ್ಲಿಯವರಿಗೆ ತಿಳಿಸಿದರೆ ಇರುವ ಬೆರಳುಗಳ ಗುರುತನ್ನು ತೆಗೆದುಕೊಳ್ಳುವರು.

ನಾಲ್ಕನೆಯದು, ಆ ದಿನ. ದೂರದ ಊರಿನವರು ಹಿಂದಿನ ದಿನವೇ ಬಂದು ನೆಂಟರಿಷ್ಟರಲ್ಲಿ ತಂಗಿರಿ; ರಾತ್ರಿಯ ಪ್ರಯಾಣದಿಂದ ಇಳಿದು ನೇರವಾಗಿ ಹೋಗುವುದು ವಯಸ್ಸಾದವರಿಗೆ ಸಲ್ಲದು. ಅರ್ಜಿಯಲ್ಲಿ ಬರೆದಿರುವ ಪಾಸ್‌ಪೋರ್ಟನ್ನೇ ಒಯ್ಯಬೇಕು. ಅದರೊಡನೆ ಸೂಚನಾಪತ್ರ, ವೇಳೆ ಗೊತ್ತಾದ ಕಾಗದ. ದೊಡ್ಡ ಚೀಲಗಳನ್ನು ಒಳಗೆ ಬಿಡದಿರುವುದುಂಟು. ಬುತ್ತಿಯ ಗಂಟನ್ನು ಹೊರಗೆ ಕಾಯುವವರ ಕೈಯಲ್ಲಿಡಿರಿ. ಒಳಗೆ ಎಡಗೈಯ ನಾಲ್ಕು ಬೆರಳು, ಬಲಗೈಯ ನಾಲ್ಕು ಬೆರಳು, ಎರಡು ಹೆಬ್ಬೆಟ್ಟುಗಳು ಎಂದು ಗಾಜಿನ ಮೇಲೆ ಇಡಿಸುವರು, ಮಸಿಯಿಲ್ಲ, ನೋವಿಲ್ಲ. ಬಳಿಕ ಒಂದು ಛಾಯಾಚಿತ್ರ. ವೀಸಾ ಕೊಡುವುದೂ ಬಿಡುವುದೂ ಆ ಕೇಂದ್ರದವರ ಅಧಿಕಾರವಲ್ಲ. ಅವರು ಗುರುತನ್ನು ತೆಗೆದು ಕಳುಹಿಸುವವರು ಮಾತ್ರ. ಅವರಲ್ಲಿ ಬೇಡಿಕೊಳ್ಳುವುದರಿಂದಲೂ ಜಗಳವಾಡುವುದರಿಂದಲೂ ಫಲವಿಲ್ಲ.

ಇನ್ನು ಯಾರಿಗೆ ಇದು ಬೇಡವೆಂಬುದನ್ನೂ ತಿಳಿಸುವೆವು. ಕೆನಡಾದ ಸಂದರ್ಶಕ ವೀಸಾಕ್ಕೆ ಹದಿನಾಲ್ಕು ವರ್ಷ ತುಂಬದ ಮಕ್ಕಳೂ, ಎಪ್ಪತ್ತೊಂಬತ್ತನ್ನು ದಾಟಿದ ವೃದ್ಧರೂ ಬೆರಳೊತ್ತಬೇಕಾದುದಿಲ್ಲ. ಒಮ್ಮೆ ಕೊಟ್ಟ ಗುರುತು ಹತ್ತು ವರ್ಷ ಸಲ್ಲುವುದು. ೨೦೧೯ರಲ್ಲಿ ಕೊಟ್ಟವರದು ೨೦೨೯ರವರೆಗೆ ಇರುವುದರಿಂದ ಎರಡನೆಯ ಮೊಮ್ಮಗುವಿಗೆಂದು ಹೋಗುವವರು ಶುಲ್ಕ ಕಟ್ಟುವ ಮುನ್ನ ಇದನ್ನು ವಿಚಾರಿಸಿಕೊಳ್ಳಲಿ. ಬೇರೆ ದೇಶಗಳ ನಿಯಮ ಬೇರೆ. ಯೂರೋಪಿನ ಷೆಂಗೆನ್ ದೇಶಗಳಿಗೆ ಕೊಟ್ಟ ಗುರುತು ಐವತ್ತೊಂಬತ್ತು ತಿಂಗಳು ನಡೆಯುವುದು. ಅಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ. ನೆರೆಮನೆಯವರು ಮತ್ತೊಂದು ದೇಶಕ್ಕೆ ಹೋಗಿಬಂದ ಅನುಭವವನ್ನು ನಂಬಿ ನಡೆಯಬಾರದು.

ಬೆರಳಿನ ಈ ರೇಖೆಗಳು ಮನುಷ್ಯನಿಗೆ ತಾಯಿಯ ಗರ್ಭದಲ್ಲಿಯೇ, ಸುಮಾರು ಆರು ತಿಂಗಳು ತುಂಬುವಷ್ಟರಲ್ಲಿ ಮೂಡಿಬಿಡುವುವು. ನಮ್ಮ ಸೋದರಿಯು ಬೆಂಗಳೂರಿನಲ್ಲಿ ತಮ್ಮ ಸವೆದ ಬೆರಳುಗಳನ್ನು ಗಾಜಿನ ಮೇಲಿಡುವ ಹೊತ್ತಿಗೆ ಟೊರಾಂಟೊದಲ್ಲಿ ಮೊಮ್ಮಗುವಿನ ಬೆರಳುಗಳಲ್ಲಿ ಹೊಸ ರೇಖೆಗಳು ಮೂಡುತ್ತಿರುವುವು. ಆ ಕೈ ಈ ಕೈಯನ್ನು ಸಕಾಲದಲ್ಲಿ ಹಿಡಿಯಲಿ. ಸೂಚನಾಪತ್ರ ಬಂದ ದಿನ ನಮಗೂ ಒಂದು ಸಾಲು ಬರೆಯಿರಿ. ಬೆಂಗಳೂರಿನಲ್ಲಿ ತಂಗುವುದಕ್ಕೆ ಬೇರೆ ಮನೆಯಿಲ್ಲದಿದ್ದರೆ ನಮ್ಮ ಮನೆಯ ಬಾಗಿಲು ತೆರೆದಿದೆ.