ಅಣಬೆ ಶ್ರಾವಕನ ಆಹಾರವೇ?

ಬೆಳ್ತಂಗಡಿಯಿಂದ ಉಜಿರೆಯ ಮಾರ್ಗವಾಗಿ ಚಾರ್ಮಾಡಿಯತ್ತ ಸಾಗುವವರಿಗೆ ಮುಂಡಾಜೆ ಎದುರಾಗುತ್ತದೆ. ಅಡಿಕೆ ತೋಟಗಳು, ಅವುಗಳಿಗೆ ತಾಗಿಕೊಂಡೇ ಕಾಡು, ಘಾಟಿಯಿಂದ ಇಳಿದು ಬರುವ ಮೃತ್ಯುಂಜಯ ನದಿ. ಮಳೆಗಾಲದಲ್ಲಿ ಇಲ್ಲಿಯ ನೆಲವೆಲ್ಲ ಜೀವಮಯ. ಮೊದಲ ಗುಡುಗು ಮಳೆ ಸುರಿದೊಡನೆ ಈ ಸೀಮೆಯಲ್ಲಿ ಕಲ್ಲಣಬೆ ಏಳುತ್ತದೆ; ಆಟಿ, ಸೋಣ ತಿಂಗಳುಗಳಲ್ಲಿ ಹುತ್ತದ ಮಗ್ಗುಲಲ್ಲಿ ಬಿಳಿಯ ಕೊಡೆಗಳು ಅರಳುತ್ತವೆ. ತುಳುವಿನಲ್ಲಿ ಇವುಗಳಿಗೆ ಅಲಂಬು ಎಂದು ಹೆಸರು. ಇದೇ ಋತುವಿನಲ್ಲಿ, ಆಷಾಢ ಶುಕ್ಲ ಚತುರ್ದಶಿಯಂದು, ದಿಗಂಬರ ಮುನಿಗಳು ವರ್ಷಾಯೋಗವನ್ನು ಸ್ವೀಕರಿಸಿ ವಿಹಾರವನ್ನು ನಿಲ್ಲಿಸುತ್ತಾರೆ. ಮಳೆಗೆ ಮೊಳೆತ ಸೂಕ್ಷ್ಮ ಜೀವರಾಶಿ ತಮ್ಮ ಪಾದದಡಿಯಲ್ಲಿ ಸಿಲುಕಿ ನೋಯದಿರಲಿ ಎಂಬುದೇ ಅದರ ಉದ್ದೇಶ. ಮುನಿಯು ಹೆಜ್ಜೆ ಇಡಲು ಅಂಜುವ ನೆಲಕ್ಕೆ ಶ್ರಾವಕನು ಬುಟ್ಟಿ ಹಿಡಿದು ಹೋಗುವುದಾದರೆ, ಆ ಮುನಿಗೆ ನೀಡುವ ಆಹಾರದಾನಕ್ಕೂ ಮಾಡುವ ನಮೋಸ್ತುವಿಗೂ ಏನು ಅರ್ಥ?

ಹಿಂದಿನ ತಲೆಮಾರಿನ ಜೈನ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಣಬೆ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಈಗ ಅದು ಬುಟ್ಟಿಯಲ್ಲಿ ಬರುವುದಿಲ್ಲ. 200 ಗ್ರಾಮಿನ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಅಂಗಡಿಯ ಫ್ರಿಜ್ಜಿನಿಂದ, ವರ್ಷದ ಹನ್ನೆರಡು ತಿಂಗಳೂ ಬರುತ್ತದೆ. ಪತ್ರಿಕೆಗಳ ಆರೋಗ್ಯ ಅಂಕಣಗಳು ಅದರ ಗುಣಗಾನ ಮಾಡುತ್ತವೆ. ಜೈನರ ವಿವಾಹ ಭೋಜನಗಳಲ್ಲಿಯೂ ‘ಮಶ್ರೂಮ್ ಘೀ ರೋಸ್ಟ್’, ‘ಮಶ್ರೂಮ್ ಸುಕ್ಕ’ ಎಂಬ ಹೆಸರುಗಳು ಕೇಳಿಸತೊಡಗಿವೆ. ಆಕ್ಷೇಪಿಸಿದವರಿಗೆ ಮೂರು ಉತ್ತರಗಳು ಸಿದ್ಧವಾಗಿವೆ: ಅಣಬೆ ಶಾಕಾಹಾರ, ಅಣಬೆ ಆರೋಗ್ಯಕರ, ಶಾಸ್ತ್ರದಲ್ಲಿ ಅಣಬೆಯ ನಿಷೇಧವಿಲ್ಲ. ಈ ಮೂರನ್ನೂ ತಕ್ಕಡಿಗೆ ಹಾಕಿ ತೂಗುವುದು ಅವಶ್ಯ.

ಮೊದಲನೆಯದು ಶಾಕಾಹಾರದ ಮಾತು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ, ಆದ್ದರಿಂದ ದೋಷವಿಲ್ಲ ಎನ್ನುವವರು ಆ ಚುಕ್ಕೆಯ ಅರ್ಥವನ್ನು ಅರಿತಿಲ್ಲ. ಅದು ಸರಕಾರ ನಿಗದಿಪಡಿಸಿದ ಗುರುತು. ಪ್ರಾಣಿ, ಪಕ್ಷಿ, ಮೀನು, ಮೊಟ್ಟೆಗಳ ಅಂಶವಿಲ್ಲ ಎಂದಷ್ಟೇ ಅದು ಹೇಳುತ್ತದೆ. ಅದೇ ಹಸಿರು ಚುಕ್ಕೆ ಜೇನುತುಪ್ಪದ ಬಾಟಲಿಯ ಮೇಲೂ ಇದೆ. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವೇ ಅಷ್ಟಮೂಲಗುಣಗಳ ತಳಹದಿ ಎಂಬುದನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಹಸಿರು ಚುಕ್ಕೆ ಗ್ರಾಹಕನ ರಕ್ಷಣೆಗೆ ಇರುವುದೇ ಹೊರತು ಜೀವಿಯ ರಕ್ಷಣೆಗಲ್ಲ. ಸರಕಾರದ ಗುರುತನ್ನು ಶ್ರಾವಕಾಚಾರದ ಸ್ಥಾನದಲ್ಲಿ ಕೂರಿಸುವುದು ಬುದ್ಧಿಯ ಸೋಮಾರಿತನ.

ಇಷ್ಟೇ ಅಲ್ಲ. ಅಣಬೆಯನ್ನು ಸಸ್ಯವೆಂದು ಕರೆಯುವುದನ್ನು ಆಧುನಿಕ ವಿಜ್ಞಾನವೇ ಬಿಟ್ಟಿದೆ. 1969ರಲ್ಲಿ ವಿಟ್ಟೇಕರ್ ಎಂಬ ವಿಜ್ಞಾನಿ ಜೀವಜಗತ್ತನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿ, ಶಿಲೀಂಧ್ರಗಳಿಗೆ ಸಸ್ಯಗಳಿಂದ ಬೇರೆಯಾದ ಸ್ಥಾನ ಕೊಟ್ಟನು. ಅಣಬೆಗೆ ಹಸಿರಿಲ್ಲ, ಬಿಸಿಲಿನಿಂದ ತನ್ನ ಅನ್ನವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ಅದರ ಕೋಶಭಿತ್ತಿಯಲ್ಲಿರುವ ಕೈಟಿನ್ ಎಂಬ ವಸ್ತುವೇ ಕೀಟಗಳ ಹೊರಕವಚದಲ್ಲಿಯೂ ಇರುವುದು. ಇದರಿಂದ ಅಣಬೆ ಮಾಂಸವೆಂದು ಸಿದ್ಧವಾಗುವುದಿಲ್ಲ. ಹಾಗೆ ವಾದಿಸುವುದು ಅತಿರೇಕವಾದೀತು. ಆದರೆ ‘ಇದೂ ಒಂದು ತರಕಾರಿಯೇ ತಾನೆ’ ಎಂಬ ಹಗುರವಾದ ಮಾತಿಗೆ ವಿಜ್ಞಾನದ ಆಧಾರ ಇಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ಶಾಸ್ತ್ರದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಸಿಶುಂಠಿ, ಮೂಲಂಗಿ, ಬೆಣ್ಣೆ, ಬೇವಿನ ಹೂ, ಕೇದಗೆ ಮೊದಲಾದವನ್ನು ತ್ಯಜಿಸಲು ಹೇಳುತ್ತಾರೆ. ಆ ಪಟ್ಟಿಯಲ್ಲಿ ಅಣಬೆಯ ಹೆಸರಿಲ್ಲವೆಂಬುದು ನಿಜ. ಆದರೆ ಆಚಾರ್ಯರು ಪಟ್ಟಿಗೆ ಮೊದಲು ಕಾರಣವನ್ನು ಹೇಳಿದ್ದಾರೆ: ದೊರೆಯುವ ಫಲ ಅಲ್ಪ, ಆಗುವ ಜೀವಘಾತ ಬಹಳ. ಪಟ್ಟಿ ನಿದರ್ಶನ ಮಾತ್ರ, ಕಾರಣವೇ ನಿಯಮ. ಹೆಸರಿಲ್ಲದ್ದೆಲ್ಲ ಭಕ್ಷ್ಯವೆಂದು ಓದುವುದು ಕಾನೂನಿನ ಸಂದು ಹುಡುಕುವ ವಕೀಲನ ರೀತಿಯೇ ಹೊರತು ಧರ್ಮಜಿಜ್ಞಾಸುವಿನ ರೀತಿಯಲ್ಲ.

ಅಣಬೆಯ ಪ್ರಸ್ತಾಪವೇ ಆಗಮದಲ್ಲಿಲ್ಲ ಎಂಬುದೂ ಸರಿಯಲ್ಲ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪಾಚಿ, ಬೂಷ್ಟುಗಳ ಜೊತೆಗೆ ಕವಕವೂ, ಎಂದರೆ ಅಣಬೆಯೂ, ವನಸ್ಪತಿಕಾಯದ ಲೆಕ್ಕಕ್ಕೆ ಸೇರಿದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಸಾಧಾರಣ ಶರೀರವನ್ನು, ಅಂದರೆ ಒಂದೇ ದೇಹದಲ್ಲಿ ಅನಂತ ಜೀವಗಳು ಆಹಾರ, ಉಸಿರು, ಜನನ, ಮರಣಗಳನ್ನು ಹಂಚಿಕೊಂಡಿರುವ ಸ್ಥಿತಿಯನ್ನು, ವಿವರಿಸಿದ್ದಾರೆ. ಅದನ್ನು ಗುರುತಿಸುವ ಲಕ್ಷಣಗಳನ್ನೂ ಕೊಟ್ಟಿದ್ದಾರೆ: ನರ, ಸಂಧಿ, ಗಿಣ್ಣುಗಳು ಹೊರಗೆ ಕಾಣದಿರುವುದು, ಮುರಿದರೆ ಸಮನಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಬೆಳೆಯುವುದು. ಈ ಲಕ್ಷಣಗಳನ್ನು ಕೈಯಲ್ಲಿರುವ ಅಣಬೆಗೆ ಹೋಲಿಸಿ ನೋಡಬಹುದು. ಅದರ ಕೊಡೆಯ ಮೇಲೆ ಎಲೆಯಂತೆ ನರಗಳಿಲ್ಲ; ಕಾಂಡದ ಮೇಲೆ ಗಿಣ್ಣುಗಳಿಲ್ಲ; ಕೊಡೆ ಸಮನಾಗಿ ಮುರಿಯುತ್ತದೆ. ಚಿಪ್ಪಣಬೆ ಬೆಳೆಯುವವರು ಒಂದೇ ಚೀಲದಿಂದ ಮೊದಲನೆಯ ಕೊಯ್ಲಾದ ಮೇಲೆ ಎರಡನೆಯ, ಮೂರನೆಯ ಕೊಯ್ಲು ಪಡೆಯುತ್ತಾರೆ. ಕಣ್ಣಿಗೆ ಕಾಣುವ ಕೊಡೆ ಫಲಭಾಗ ಮಾತ್ರ. ಅದರ ನಿಜವಾದ ದೇಹ ಒಳಗೆ ಹರಡಿರುವ ತಂತುಜಾಲ. ಬಲಿತ ಒಂದೇ ಕೊಡೆಯಿಂದ ಉದುರುವ ಬೀಜಕಣಗಳು ಕೋಟಿಗಟ್ಟಲೆ.

ಜೈನರಲ್ಲಿ ಮಾತ್ರ ಈ ಎಚ್ಚರವಿತ್ತೆಂದೂ ಅಲ್ಲ. ಮನುಸ್ಮೃತಿಯ 5ನೆಯ ಅಧ್ಯಾಯವೂ ಬೆಳ್ಳುಳ್ಳಿ, ಈರುಳ್ಳಿಗಳೊಡನೆ ಕವಕವನ್ನು ದ್ವಿಜರಿಗೆ ಅಭಕ್ಷ್ಯವೆಂದು ಹೇಳುತ್ತದೆ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವುದು, ಆರೋಗ್ಯದ ವಾದ. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳುವುದು ಅನ್ಯಾಯ. ಅಣಬೆಯಲ್ಲಿ ಕೊಬ್ಬು ಕಡಿಮೆ. ನಾರು, ಪೊಟ್ಯಾಸಿಯಂ, ಸೆಲೆನಿಯಂ, ಕೆಲವು ಬಿ ಜೀವಸತ್ವಗಳು ಇವೆ. ಆದರೆ ಪ್ರೊಟೀನಿನ ಖನಿಯೆಂದು ಅದನ್ನು ಹೊಗಳುವವರು ಲೆಕ್ಕದ ಪುಸ್ತಕವನ್ನೊಮ್ಮೆ ತೆರೆಯಬೇಕು. ತಾಜಾ ಅಣಬೆಯ ತೂಕದಲ್ಲಿ ಸುಮಾರು 90 ಭಾಗ ನೀರು. ನೂರು ಗ್ರಾಮಿಗೆ ಪ್ರೊಟೀನು ಸುಮಾರು 3 ಗ್ರಾಮು. 200 ಗ್ರಾಮಿನ ಇಡೀ ಪೊಟ್ಟಣದಿಂದ ದೊರೆಯುವುದು 6 ಗ್ರಾಮು. ಅಷ್ಟು ಪ್ರೊಟೀನಿಗೆ 25 ಗ್ರಾಮು ಹೆಸರುಕಾಳು ಸಾಕು. ಹುರುಳಿಯಾದರೂ ಹೆಚ್ಚು ಕಡಿಮೆ ಅಷ್ಟೇ. ಎರಡರ ಬೆಲೆಯನ್ನೂ ಅಕ್ಕಪಕ್ಕದಲ್ಲಿ ಬರೆದರೆ ಯಾವುದು ಲಾಭ, ಯಾವುದು ನಷ್ಟ ಎಂದು ವ್ಯಾಪಾರಿ ಕುಲಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಡಿ ಜೀವಸತ್ವದ ಮಾತೂ ಹೀಗೆಯೇ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ತಾಗಿದಾಗ ಮಾತ್ರ ಅಣಬೆಯಲ್ಲಿ ಅದು ಹೆಚ್ಚುತ್ತದೆ. ಕತ್ತಲೆ ಕೋಣೆಯಲ್ಲಿ ಬೆಳೆದದ್ದರಲ್ಲಿ ಅದು ಅತ್ಯಲ್ಪ. ಅದೇ ಬಿಸಿಲು ಮನುಷ್ಯನ ಚರ್ಮಕ್ಕೆ ತಾಗಿದರೂ ಡಿ ಜೀವಸತ್ವ ಉಂಟಾಗುತ್ತದೆ. ಸಸ್ಯಾಹಾರಿಗಳನ್ನು ನಿಜವಾಗಿ ಕಾಡುವ ಕೊರತೆ ಬಿ-12. ಅಣಬೆಯಲ್ಲಿ ಅದು ಗಣನೆಗೆ ಬಾರದಷ್ಟು. ಹಾಲು, ಮೊಸರು, ಅಗತ್ಯವಿದ್ದಲ್ಲಿ ವೈದ್ಯರ ಸಲಹೆಯಂತೆ ಔಷಧ, ಇವೇ ಅದಕ್ಕೆ ದಾರಿ. ಹೀಗೆ ಅಣಬೆಯಿಂದ ಸಿಗುವ ಯಾವ ಫಲವೂ ಅದಕ್ಕಿಂತ ನಿರ್ದೋಷವಾದ ಬೇರೆ ಮೂಲದಿಂದ ಸಿಗದಂಥದಲ್ಲ. ಫಲ ಅಲ್ಪವೆಂಬ ಆಚಾರ್ಯರ ಮಾತು ಅಂಗಡಿಯ ಲೆಕ್ಕದಲ್ಲಿಯೂ ಸರಿಹೊಂದುತ್ತದೆ.

ಘಾತದ ಲೆಕ್ಕವನ್ನೂ ನೋಡಬೇಕು. ಗುಂಡಿ ಅಣಬೆಯನ್ನು ಬೆಳೆಯುವ ಗೊಬ್ಬರಕ್ಕೆ ಹುಲ್ಲಿನ ಜೊತೆ ಸಾಮಾನ್ಯವಾಗಿ ಕೋಳಿಗೊಬ್ಬರವನ್ನು ಬೆರೆಸಿ ಕೊಳೆಸುತ್ತಾರೆ. ಅನಂತರ ಹಬೆಯಲ್ಲಿ ಕಾಯಿಸುತ್ತಾರೆ. ಚಿಪ್ಪಣಬೆಗೆ ಭತ್ತದ ಹುಲ್ಲನ್ನು ನೆನೆಸಿ, ಬಿಸಿನೀರಿನಲ್ಲಿಯೋ ಹಬೆಯಲ್ಲಿಯೋ ಬೇಯಿಸುತ್ತಾರೆ. ಹುಲ್ಲಿನಲ್ಲಿ, ಗೊಬ್ಬರದಲ್ಲಿ ಇದ್ದ ಹುಳುಗಳ ಗತಿಯೇನು? ಬೆಳೆಯುವ ಕೋಣೆಗೆ ನುಗ್ಗುವ ಸಣ್ಣ ನೊಣಗಳು ಅಣಬೆಯಲ್ಲಿ ಮೊಟ್ಟೆಯಿಡುತ್ತವೆ, ಮರಿಗಳು ಅದರೊಳಗೆ ಕೊರೆಯುತ್ತವೆ. ಅವನ್ನು ಕೊಲ್ಲುವುದು ಬೆಳೆಗಾರನ ದಿನನಿತ್ಯದ ಕೆಲಸ. ಕಾಡಿನ ಅಣಬೆಯ ಕೊಡೆಯಡಿಯ ಪದರಗಳನ್ನು ಬಿಡಿಸಿದರೆ ಸಣ್ಣ ಹುಳುಗಳು ಕಣ್ಣಿಗೇ ಕಾಣುತ್ತವೆ. ಅತ್ತಿಹಣ್ಣನ್ನು ಒಡೆದಾಗ ಕಾಣುವ ಹುಳುಗಳ ಕಾರಣಕ್ಕಾಗಿಯೇ ಪಂಚ ಉದುಂಬರಗಳನ್ನು ಪೂರ್ವಾಚಾರ್ಯರು ನಿಷೇಧಿಸಿದರು. ಇಲ್ಲಿರುವುದು ಸ್ಥಾವರ ಹಿಂಸೆ ಮಾತ್ರವಲ್ಲ, ಎದ್ದು ಕಾಣುವ ತ್ರಸಹಿಂಸೆ.

ಕೆಲವರು ಅಣಬೆಯನ್ನು ವಿಷದ ಭಯದಿಂದ ಬಿಡುತ್ತಾರೆ. ಆ ಭಯ ನಿರಾಧಾರವಲ್ಲ. 2022ರ ನವೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಪುದುವೆಟ್ಟು ಗ್ರಾಮದಲ್ಲಿ ಕಾಡಿನ ಅಣಬೆಯ ಅಡುಗೆ ಉಂಡು ತಂದೆ, ಮಗ ಇಬ್ಬರೂ ಮೃತಪಟ್ಟರು. ಕೆಲವು ಅಣಬೆಗಳ ವಿಷ ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ. ಲಕ್ಷಣಗಳು ಹಲವು ಗಂಟೆಗಳ ಅನಂತರ ತಲೆದೋರುವಷ್ಟರಲ್ಲಿ ಯಕೃತ್ತು ಕೆಡಲಾರಂಭಿಸಿರುತ್ತದೆ. ಆದರೂ ಶ್ರಾವಕನ ತ್ಯಾಗಕ್ಕೆ ಇದು ಆಧಾರವಾಗಲಾರದು. ಭಯದಿಂದ ಬಿಟ್ಟದ್ದು ವ್ರತವಲ್ಲ. ಸಾಯದಿರಲೆಂದು ಅಣಬೆಯನ್ನು ಬಿಟ್ಟವನು, ಸಾಯುವುದಿಲ್ಲವೆಂಬ ಭರವಸೆ ಸಿಕ್ಕ ದಿನ ಪೊಟ್ಟಣ ಕೊಳ್ಳುತ್ತಾನೆ. ಸಾಯಿಸಬಾರದೆಂದು ಬಿಟ್ಟವನು ಮಾತ್ರ ಬಿಟ್ಟವನು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಆಲೂಗಡ್ಡೆ ತಿನ್ನುವ ಜೈನರು ಅಣಬೆಯನ್ನು ಬಿಡೆಂದು ಹೇಳುವುದು ಆಷಾಢಭೂತಿತನವಲ್ಲವೇ ಎಂಬುದು ಮೊದಲನೆಯದು. ಕಂದಮೂಲಗಳು ಅನೇಕ ಜೈನ ಮನೆಗಳನ್ನು ಹೊಕ್ಕಿರುವುದು ಸತ್ಯ, ಅದು ನಾಚಿಕೆಯ ಸಂಗತಿ. ಆದರೆ ಒಂದು ಸಾಲ ತೀರಿಸಲಾಗದವನು ಇನ್ನೊಂದು ಸಾಲ ಮಾಡಬಹುದೆಂಬ ನ್ಯಾಯ ಯಾವ ಪೇಟೆಯಲ್ಲಿಯೂ ಇಲ್ಲ. ಮೊಸರಿನಲ್ಲಿಯೂ ಸೂಕ್ಷ್ಮಜೀವಿಗಳಿಲ್ಲವೇ ಎಂಬುದು ಎರಡನೆಯದು. ಇವೆ. ಆದ್ದರಿಂದಲೇ ಮೊಸರಿಗೆ, ಹಿಟ್ಟಿಗೆ, ನೀರಿಗೆ ಹಿರಿಯರು ಕಾಲಮರ್ಯಾದೆಯನ್ನು ವಿಧಿಸಿದರು. ಗೃಹಸ್ಥನಿಗೆ ಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂದು ತಿಳಿದೇ ಅಣುವ್ರತವೆಂಬ ಮೆಟ್ಟಿಲನ್ನು ಕಟ್ಟಿದ್ದಾರೆ. ಬಿಡಲಾಗದ್ದಕ್ಕೆ ಮಿತಿ, ಬಿಡಬಹುದಾದದ್ದಕ್ಕೆ ತ್ಯಾಗ. ಅಣಬೆ ಎರಡನೆಯ ವರ್ಗಕ್ಕೆ ಸೇರಿದ್ದು. ಅದಿಲ್ಲದೆ ಯಾವ ಜೈನ ಮನೆಯೂ ಹಸಿದಿಲ್ಲ.

ಹಾಗಾದರೆ ಅಣಬೆಯ ಆಕರ್ಷಣೆ ಎಲ್ಲಿದೆ? ಅಡುಗೆಯ ಹೆಸರುಗಳೇ ಗುಟ್ಟನ್ನು ಹೊರಗೆಡಹುತ್ತವೆ. ಘೀ ರೋಸ್ಟ್ ಕುಂದಾಪುರದ ಕಡೆಯ ಕೋಳಿಯ ಅಡುಗೆ. ಸುಕ್ಕ ತುಳುನಾಡಿನ ಕೋಳಿಯ ಅಡುಗೆ. ಮಸಾಲೆ ಅದೇ, ಬಾಣಲೆ ಅದೇ, ಹೆಸರೂ ಅದೇ. ಕೋಳಿಯ ಸ್ಥಾನದಲ್ಲಿ ಅಣಬೆ. ಅಗಿದಾಗ ಮಾಂಸದಂತಿದೆ ಎಂಬುದೇ ಬಾಣಸಿಗನು ಕೊಡುವ ಪ್ರಶಂಸೆ. ಹತ್ತು ವರ್ಷದ ಬಾಲಕನ ನಾಲಗೆಗೆ ಈ ರುಚಿಯನ್ನು ಕಲಿಸಿದ ತಂದೆ, ಅವನು ಇಪ್ಪತ್ತನೆಯ ವಯಸ್ಸಿನಲ್ಲಿ ಪರವೂರಿನ ಹಾಸ್ಟೆಲಿನಲ್ಲಿ ಅಸಲು ಮಾಂಸವನ್ನೇ ಮುಟ್ಟಿದಾಗ ಯಾರನ್ನು ದೂರುವುದು? ನಕಲಿನಲ್ಲಿ ಪಳಗಿದ ನಾಲಗೆಗೆ ಅಸಲು ಅಪರಿಚಿತವಲ್ಲ.

ಈ ವಿಚಾರವನ್ನು ನೆರೆಹೊರೆಯವರ ಮೇಲೆ ಬೀಸುವ ದೊಣ್ಣೆಯಾಗಿ ಬಳಸಬಾರದು. ಬೆಳ್ತಂಗಡಿಯ ಮಲೆಗಳಲ್ಲಿ ಬಾಳುವ ಮಲೆಕುಡಿಯರಿಗೆ ಮಳೆಗಾಲದ ಅಣಬೆ ಕಾಡು ಕೊಟ್ಟ ಅನ್ನ. ಸ್ವಉದ್ಯೋಗದ ತರಬೇತಿ ಪಡೆದು ಚೀಲಗಳಲ್ಲಿ ಅಣಬೆ ಬೆಳೆಯುವ ಮಹಿಳೆಗೆ ಅದು ಮಕ್ಕಳ ಶಾಲೆಯ ಶುಲ್ಕ. ವ್ರತವಿಲ್ಲದವರನ್ನು ವ್ರತದ ತಕ್ಕಡಿಯಲ್ಲಿ ತೂಗುವುದು ಅಹಂಕಾರ. ಪ್ರಶ್ನೆ ಇರುವುದು ಶ್ರಾವಕನೆಂದು ಹೇಳಿಕೊಳ್ಳುವವನಿಗೆ ಮಾತ್ರ.

ಅವನಲ್ಲಿಯೂ ಮುಖ್ಯವಾಗಿ ಇಬ್ಬರಿಗೆ. ‘ತಿನ್ನುವುದಿಲ್ಲ, ಮಾರುತ್ತೇವೆ ಅಷ್ಟೆ’ ಎನ್ನುವ ಜೈನ ವರ್ತಕನು ಒಬ್ಬ. ‘ಸಭಾಭವನ ಬಾಡಿಗೆಗೆ ಕೊಟ್ಟಿದ್ದೇವೆ, ಅಡುಗೆ ಅವರದು’ ಎನ್ನುವ ಬಸದಿಯ ಟ್ರಸ್ಟು ಇನ್ನೊಂದು. ಕೃತ, ಕಾರಿತ, ಅನುಮೋದನೆ ಎಂದು ಕರ್ಮಕ್ಕೆ ಮೂರು ಬಾಗಿಲುಗಳನ್ನು ಜಿನಶಾಸನ ತೋರಿಸಿದೆ. ಮೊದಲನೆಯ ಬಾಗಿಲಿಗೆ ಬೀಗ ಹಾಕಿ ಉಳಿದೆರಡನ್ನು ತೆರೆದಿಟ್ಟವನ ಮನೆಗೆ ಕಳ್ಳ ಬರುವುದಿಲ್ಲವೇ? ವರ್ತಕನು ಫ್ರಿಜ್ಜಿನ ಒಂದು ಅಟ್ಟಣೆಯನ್ನು ಖಾಲಿ ಮಾಡಿದರೆ ಆಗುವ ನಷ್ಟ ಎಷ್ಟು? ಬಾಡಿಗೆಯ ಕರಾರಿನಲ್ಲಿ ಮದ್ಯ, ಮಾಂಸ ನಿಷೇಧವೆಂದು ಬರೆಯಲು ಬರುವ ಟ್ರಸ್ಟಿಗೆ ಅಣಬೆ ಎಂಬ ಮೂರಕ್ಷರವನ್ನು ಸೇರಿಸಲು ಏನು ಅಡ್ಡಿ? ಪಾಠಶಾಲೆಯಲ್ಲಿ ಅಭಕ್ಷ್ಯದ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರೊಡನೆ ಅದರ ಕಾರಣವನ್ನೂ ಕಲಿಸಲು ಎಷ್ಟು ಹೊತ್ತು ಬೇಕು?

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರಲ್ಲಿ ಕಟ್ಟಿದವರು, 1604ರಲ್ಲಿ ವೇಣೂರಿನಲ್ಲಿ ಬಾಹುಬಲಿಯನ್ನು ನಿಲ್ಲಿಸಿದವರು ಕಲ್ಲನ್ನು ಮಾತ್ರ ಬಿಟ್ಟುಹೋಗಲಿಲ್ಲ. ಒಂದು ಅಡುಗೆಮನೆಯನ್ನೂ ಬಿಟ್ಟುಹೋದರು. ಕಲ್ಲಿಗೆ ಪಾಚಿ ಹಿಡಿದರೆ ಜೀರ್ಣೋದ್ಧಾರಕ್ಕೆ ದೇಣಿಗೆ ಎತ್ತುವ ಸಮಾಜವು ಅಡುಗೆಮನೆಗೆ ಅಣಬೆ ಬಂದಾಗ ಸುಮ್ಮನಿರುವುದು ಸಲ್ಲದು. ಇದಕ್ಕೆ ದೇಣಿಗೆಯೂ ಬೇಡ, ಗುತ್ತಿಗೆದಾರನೂ ಬೇಡ. ಮುಂದಿನ ಆಷಾಢ ಚತುರ್ದಶಿಯಂದು ಮುನಿಗಳು ಹೆಜ್ಜೆ ನಿಲ್ಲಿಸುವಾಗ, ಶ್ರಾವಕನು ಕೈಯನ್ನು ನಿಲ್ಲಿಸಿದರೆ ಸಾಕು.